ದಾವಲಬಿಯ ಎರಡನೆಯ ಕಲ್ಲು

ಇಂಜಿನ್ನಿನ ಬಲವೆಲ್ಲ ಅದರ ಸದ್ದಿನಲ್ಲಿರುತ್ತದೆ ಎಂದು ನಾನು ನಂಬಿದ್ದೆ. ನಂಬಿಕೊಂಡು ಸುಮ್ಮನಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಮೋರಟಗಿಯ ದಾವಲಬಿಯ ಹಿಟ್ಟಿನ ಗಿರಣಿಗೆ ಸೇರಿದ ಮೊದಲ ವಾರದಲ್ಲೇ, ಆ ನಂಬಿಕೆಯ ಜೊತೆಗೆ ಒಂದು ತಗಡಿನ ಡಬ್ಬಿಯನ್ನೂ ಹಿಡಿದುಕೊಂಡು ಮಾಳಿಗೆ ಹತ್ತಿದೆ.

ಗಿರಣಿಯ ಹೊಗೆಕೊಳವೆ ಮಾಳಿಗೆಯ ಮೇಲೆ ಎದೆಮಟ್ಟಕ್ಕೆ ಎದ್ದು ನಿಂತಿತ್ತು. ಅದರ ಬಾಯಿಗೆ ತಳವಿಲ್ಲದ ಹಿತ್ತಾಳೆ ತಂಬಿಗೆಯೊಂದನ್ನು ತಂತಿ ಸುತ್ತಿ ಕಟ್ಟಿದ್ದರು. ಇಂಜಿನ್ನು ಹೊಗೆ ಬಿಟ್ಟಾಗಲೆಲ್ಲ ತಂಬಿಗೆ ‘ಕುಕ್’ ಎನ್ನುತ್ತಿತ್ತು. ಆ ಕುಕ್ ಕುಕ್ ಹೊಲದ ವಸ್ತಿಗಳವರೆಗೂ ಕೇಳಿ, ಗಿರಣಿ ಸುರುವಾಯಿತೆಂದು ಹೆಂಗಸರು ಜೋಳದ ಬುಟ್ಟಿ ಹೊತ್ತು ಹೊರಡುತ್ತಿದ್ದರು. ಅಂದು ಗೋದಿ ಬಿದ್ದು ಕಲ್ಲು ಹೆಣಗುತ್ತಿತ್ತು. ಸದ್ದು ಹೆಚ್ಚಿಸಿದರೆ ಬಲ ಹೆಚ್ಚೀತು ಎಂದು ನಾನು ತಂಬಿಗೆಯ ಮೇಲೆ ಡಬ್ಬಿಯನ್ನು ಬೋರಲು ಹಾಕಿದೆ. ಇಂಜಿನ್ನು ಎರಡು ಸಲ ಕೆಮ್ಮಿ, ನನ್ನ ಮುಖಕ್ಕೆ ಕರಿ ಹೊಗೆ ಉಗುಳಿ, ನಿಂತಿತು.

ಮೈತುಂಬ ಹಿಟ್ಟಾದ ದಾವಲಬಿ ಅಂಗಳಕ್ಕೆ ಬಂದು ತಲೆ ಎತ್ತಿದಳು.

“ಏ ಮ್ಯಾಟ್ರಿಕ್, ಅಲ್ಲೇನ ಮಾಡಾಕತ್ತೀಯೊ?”

“ಜೋರ ಹೆಚ್ಚ ಮಾಡಾಕತ್ತೇನ್ರಿ ಅಕ್ಕಾರ.”

“ನಿನ್ನ ಬಾಯಿ ಮೂಗು ಕಟ್ಟಿ ಜ್ವಾಳದ ಚೀಲ ಹೊರಸ್ಲೇನು? ಇಳಿ ಕೆಳಗ.”

ನಾನು ಮುದ್ದೇಬಿಹಾಳದವನು. ಮ್ಯಾಟ್ರಿಕ್ ಪರೀಕ್ಷೆಗೆ ಕುಳಿತವನು, ದಾಟಿದವನಲ್ಲ. ಓದಿದ ಹುಡುಗ ಎಂದು ಬಾಗೇವಾಡಿಯ ನಮ್ಮ ಸೋದರಮಾವ ಹೇಳಿದ್ದನ್ನು ನಂಬಿ ದಾವಲಬಿ ನನ್ನನ್ನು ಸಂಬಳಕ್ಕೆ ಇಟ್ಟುಕೊಂಡಿದ್ದಳು. ಓದು ಎಲ್ಲಿಗೆ ನಿಂತಿತೆಂದು ಅವಳು ಕೇಳಲಿಲ್ಲ, ನಾನೂ ಹೇಳಿ ಅವಳ ಮನಸ್ಸು ನೋಯಿಸಲಿಲ್ಲ. ಮೊದಲ ದಿನದಿಂದಲೇ ಮ್ಯಾಟ್ರಿಕ್ ಎಂದು ಕರೆದಳು. ಮಾಳಿಗೆಯಿಂದ ಇಳಿದ ಮೇಲೂ ಅದೇ ಹೆಸರು, ಆದರೆ ಕರೆಯುವ ದನಿ ಬೇರೆಯಾಗಿತ್ತು.

ಆ ಇಂಜಿನ್ನು ಅವಳ ಗಂಡ ಅಬ್ದುಲಗನಿ ತಂದದ್ದು. ಇಂಡಿ ಊರಿನ ರೈಲು ಸ್ಟೇಷನ್ನಿನಿಂದ ಚಕ್ಕಡಿಯಲ್ಲಿ ಹೇರಿಕೊಂಡು ಬಂದಿದ್ದನಂತೆ. ಅದನ್ನು ಅವನು ಮೇಲಿನಿಂದ ಒರೆಸುತ್ತಿದ್ದ, ಎಣ್ಣೆ ಬಿಡುತ್ತಿದ್ದ, ಒಳಗೆ ಮಾತ್ರ ಯಾರಿಗೂ ಕೈ ಹಾಕಲು ಬಿಡುತ್ತಿರಲಿಲ್ಲ. ಖಾರ ಬೀಸಲೆಂದು ಇನ್ನೊಂದು ಕಲ್ಲನ್ನೂ ತಂದಿದ್ದ. ಆದರೆ ಎರಡೂ ಕಲ್ಲಿಗೆ ಪಟ್ಟಾ, ಅಂದರೆ ಇಂಜಿನ್ನಿನ ಬೆಲ್ಟು, ಹಾಕಿದ ದಿನ ಇಂಜಿನ್ನು ಉಸಿರು ಕಟ್ಟಿ ನಿಂತಿತು. ಅಂದೇ ಎರಡನೆಯ ಕಲ್ಲನ್ನು ಉರುಳಿಸಿ ಗೋಡೆಗೆ ಹಚ್ಚಿದ. ಅಂದಿನಿಂದ ಅದು ಸರದಿ ಕಾಯುವ ಹೆಂಗಸರು ಕೂಡುವ ಮಣೆಯಾಯಿತು. ಊರಿನ ಎಲ್ಲದಕ್ಕೂ ಒಂದು ಮಾತು ಸೇರಿಸುವ ಲಕ್ಕವ್ವನಂಥ ಹಿರಿಯರಿಗೆ ಅದರ ಮೇಲೆ ಕಾಯಂ ಜಾಗವಿತ್ತು.

ಅಬ್ದುಲಗನಿ ಜ್ವರದಲ್ಲಿ ತೀರಿಕೊಂಡಾಗ, ಇಂಜಿನ್ನು ಮಾರಿಬಿಡು ಎಂದು ಬಂಧುಗಳೆಲ್ಲ ಹೇಳಿದರು. ಗಂಡ ಸತ್ತವಳು ಮನೆಯೊಳಗೇ ಇರಬೇಕಾದ ಇದ್ದತ್ತಿನ ದಿನಗಳನ್ನು ದಾವಲಬಿ ಒಳಗೇ ಕಳೆದಳು. ಅವು ಮುಗಿದ ಮರುದಿನ ಸೆರಗು ಸೊಂಟಕ್ಕೆ ಬಿಗಿದು ಬಂದು ಇಂಜಿನ್ನಿನ ಹ್ಯಾಂಡಲ್ ಹಿಡಿದಳು. ಅವಳಿಗೆ ಅದು ಹೇಗೆ ಓಡುತ್ತದೆಂದು ಗೊತ್ತಿರಲಿಲ್ಲ. ಓಡದಿದ್ದರೆ ತನ್ನ ಒಲೆ ಉರಿಯುವುದಿಲ್ಲ ಎಂಬುದಷ್ಟೇ ಗೊತ್ತಿತ್ತು.

ನಾನು ಸೇರಿದ ವರ್ಷ ಸಿಂದಗಿ ರಸ್ತೆಯಲ್ಲಿ ಗುರಣ್ಣ ಎಂಬವನು ಹೊಸ ಗಿರಣಿ ಹಾಕಿದ. ಜೋಳಕ್ಕೊಂದು ಕಲ್ಲು, ಖಾರಕ್ಕೊಂದು. ನಮ್ಮಲ್ಲಿ ಒಂದೇ ಕಲ್ಲಾದ್ದರಿಂದ ಶನಿವಾರ ಮಾತ್ರ ಖಾರ. ಎಷ್ಟೇ ತೊಳೆದರೂ ರವಿವಾರದ ರೊಟ್ಟಿ ತಿಂದ ಕೂಸುಗಳು ಅಳುತ್ತಿದ್ದವು. ಖಾರಕ್ಕೆಂದು ಗುರಣ್ಣನಲ್ಲಿಗೆ ಹೋದವರು ಜೋಳವನ್ನೂ ಅಲ್ಲೇ ಇಳಿಸತೊಡಗಿದರು. ನಮ್ಮ ಅಂಗಳದಲ್ಲಿ ಬುಟ್ಟಿಗಳ ಸಾಲು ಚಿಕ್ಕದಾಗುತ್ತ ಬಂತು. ಎರಡನೆಯ ಕಲ್ಲು ತಿರುಗದಿದ್ದರೆ ಮೊದಲನೆಯದೂ ನಿಲ್ಲುತ್ತದೆ ಎಂಬುದು ನನ್ನಂಥವನಿಗೂ ಕಾಣುತ್ತಿತ್ತು.

ದೇವಣಗಾಂವದಲ್ಲಿ ಹೊಳೆಯ ದಂಡೆಯ ಪಂಪುಗಳನ್ನು ರಿಪೇರಿ ಮಾಡುತ್ತಿದ್ದ ಇಂಡಿಯ ಪರಸಪ್ಪ ಮಿಸ್ತ್ರಿಯನ್ನು ದಾವಲಬಿ ಕರೆಸಿದಳು. ಆತ ಕಿವಿಯ ಸಂದಿನಲ್ಲಿ ಬೀಡಿ ಸಿಕ್ಕಿಸಿಕೊಂಡು ಇಂಜಿನ್ನಿನ ಸುತ್ತ ತಿರುಗಿದ.

“ದೊಡ್ಡ ಇಂಜಿನ್ ತಗೋಳೋದು ಛಲೋ, ತಂಗಿ.”

“ಅದು ನನಗೂ ಗೊತ್ತೈತಿ. ಇದಕ್ಕೇನ ಮಾಡ್ತಿ ಹೇಳು.”

“ಸಿಲಿಂಡರ್ ಅಗಲ ಕೊರದ್ರ ಗ್ವಾಡಿ ತೆಳ್ಳಗಾಗತೈತಿ. ಜೋರ ಓಡಿಸಿದ್ರ ಆಯುಷ್ಯ ಕಡಿಮಿ. ಪಿಸ್ಟನ್ ಹೋಗಿ ಬರೋ ಹಾದಿ ಉದ್ದ ಮಾಡಬೇಕು.”

ಮೂಲೆಯಲ್ಲಿ ಬೇಳೆ ಒಡೆಯುವ ಬೀಸುಕಲ್ಲಿತ್ತು. ಗೂಟ ಸಿಕ್ಕಿಸಲು ಅದಕ್ಕೆ ಎರಡು ತೂತು, ಒಂದು ನಡುವಿಗೆ ಹತ್ತಿರ, ಇನ್ನೊಂದು ಅಂಚಿಗೆ. ಪರಸಪ್ಪ ಅದರ ಮುಂದೆ ಕುಕ್ಕರಗಾಲಲ್ಲಿ ಕೂತ.

“ಗೂಟ ನಡುವಿನ ಸಮೀಪ ಇದ್ರ ಬೀಸಾಕ ಹೆಂಗ?”

“ರಟ್ಟಿ ಹೋಗ್ತಾವ,” ಎಂದಳು ದಾವಲಬಿ.

“ಅಂಚಿಗೆ ಇದ್ರ?”

“ಹಗರ. ಆದ್ರ ಕೈ ದೂರ ಹೋಗಿ ಬರಬೇಕು.”

“ಇಂಜಿನ್ನಿನ ಗಾಲಿ ತಿರಗಸೋ ಕ್ರ್ಯಾಂಕಿಗೂ ಇಂಥಾದ ಗೂಟ ಐತಿ. ಅದನ್ನ ಅರ್ಧ ಇಂಚು ದೂರ ಸರಸ್ತೇನಿ. ಪಿಸ್ಟನ್ ಒಂದ ಇಂಚು ಹೆಚ್ಚಿಗಿ ಓಡಾಡತೈತಿ.”

ಓದಿದವನಾದ್ದರಿಂದ ನಾನು ಬಾಯಿ ಹಾಕಿದೆ. ಅರ್ಧ ಇಂಚು ಸರಿಸಿದರೆ ಅರ್ಧ ಇಂಚೇ ಹೆಚ್ಚಬೇಕಲ್ಲವೆ? ಪರಸಪ್ಪ ನನ್ನ ಕೈ ಹಿಡಿದು ಗೂಟದ ಮೇಲಿಟ್ಟು ಕಲ್ಲು ತಿರುಗಿಸಿದ. ಆ ಕಡೆ ಅರ್ಧ, ಈ ಕಡೆ ಅರ್ಧ. ಪರೀಕ್ಷೆಯಲ್ಲಿ ನಾನು ಯಾವ ವಿಷಯದಲ್ಲಿ ಉರುಳಿದ್ದೆನೆಂದು ಇಬ್ಬರಿಗೂ ಅಂದೇ ತಿಳಿಯಿತು.

ದಾವಲಬಿಗೆ ಇನ್ನೂ ಸಂಶಯ. “ದೂರ ಅಡ್ಡಾಡಿದ ಎತ್ತು ದಣೀತೈತಿ. ಇದಕ್ಕೆಲ್ಲಿಂದ ಬಲಾ ಬರತೈತಿ?”

“ಎತ್ತಿಗೆ ಮೇವು ಹೆಚ್ಚ ಹಾಕ್ತೀವಲ್ಲ, ಹಂಗ. ಪಿಸ್ಟನ್ ದೂರ ಸರದಷ್ಟೂ ಸಿಲಿಂಡರ್ದಾಗ ಗಾಳಿ ಹೆಚ್ಚ ಹಿಡೀತೈತಿ. ಗಾಳಿ ಹೆಚ್ಚಾದ್ರ ಎಣ್ಣಿ ಹೆಚ್ಚ ಸುಡತೈತಿ. ಸುಟ್ಟದ್ದು ಪಿಸ್ಟನ್ನಿಗೆ ಒದೀವಾಗ ಉದ್ದಕ್ಕ ಒದೀತೈತಿ.”

“ಅಂದ್ರ ಎಣ್ಣಿನೂ ಹೆಚ್ಚ ಕುಡೀತೈತಿ.”

“ಕುಡೀತೈತಿ. ಪುಕ್ಕಟ ದುಡಿಯೋದು ಯಾವ್ದೈತಿ?”

ಆ ಮಾತಿಗೆ ಅವಳು ಒಪ್ಪಿದಳೆಂದು ಕಾಣುತ್ತದೆ. ಮರುದಿನ ಅವಳ ಕೈಯಲ್ಲಿ ಬಂಗಾರದ ಬಿಲ್ವಾರ ಇರಲಿಲ್ಲ. ಪರಸಪ್ಪ ಸೊಲ್ಲಾಪುರದ ಗುಜರಿಯಿಂದ ಅದೇ ಜಾತಿಯ ದೊಡ್ಡ ಇಂಜಿನ್ನೊಂದರ ಕ್ರ್ಯಾಂಕನ್ನೂ ಉದ್ದನೆಯ ಸಿಲಿಂಡರನ್ನೂ ತಂದ. ಅಬ್ದುಲಗನಿ ಯಾರಿಗೂ ಮುಟ್ಟಲು ಕೊಡದಿದ್ದ ಇಂಜಿನ್ನು ಅಂಗಳದ ಗೋಣಿತಟ್ಟಿನ ಮೇಲೆ ಬಿಡಿಬಿಡಿಯಾಗಿ ಬಿಸಿಲು ಕಾಯಿಸಿತು. ಲಕ್ಕವ್ವ ಹಾದುಹೋಗುವಾಗ ನಿಂತು ನೋಡಿ, ಏನೂ ಅನ್ನದೆ ಹೋದಳು. ಅವಳು ಏನೂ ಅನ್ನದಿರುವುದು ಊರಿಗೇ ಹೊಸದು.

ಜೋಡಿಸಿದ ದಿನ ಹ್ಯಾಂಡಲ್ ತಿರುಗಿಸುವ ಮರ್ಯಾದೆ ನನಗೆ ಸಿಕ್ಕಿತು. ಅರ್ಧ ಸುತ್ತು ತಿರುಗುವಷ್ಟರಲ್ಲಿ ಅದು ಬಂಡೆಯಂತೆ ನಿಂತಿತು. ಬಿಗಿಯಾಗಿ ತಳ್ಳಿದೆ. ಹಿಂದಕ್ಕೆ ಒದ್ದ ಹೊಡೆತಕ್ಕೆ ನಾನು ಹೋಗಿ ಹಿಟ್ಟಿನ ರಾಶಿಯಲ್ಲಿ ಕೂತೆ.

“ಹೇಳಿದ್ನಲ್ಲ, ಉದ್ದಕ್ಕ ಒದೀತೈತಿ ಅಂತ,” ಎಂದ ಪರಸಪ್ಪ. ಆದರೆ ತಪ್ಪು ಅವನದೇ. ಪಿಸ್ಟನ್ ಈಗ ಮೇಲಕ್ಕೂ ಹೆಚ್ಚು ಏರುತ್ತಿದ್ದರಿಂದ ಮೇಲ್ಗಡೆ ಗಾಳಿಗೆ ಜಾಗ ಸಾಲದೆ ಹೋಗಿತ್ತು. ಸಿಲಿಂಡರಿನ ಬುಡಕ್ಕೆ ಅವನು ಹಾಕಿದ್ದ ಕಬ್ಬಿಣದ ಬಳೆ ತೆಳುವಾಗಿತ್ತು. ಬೀಡಿ ಹಚ್ಚಿ, ತನ್ನನ್ನೇ ಬೈದುಕೊಂಡು, ದಪ್ಪ ಬಳೆ ಮಾಡಿಸಿ ತರಲು ಇಂಡಿಗೆ ಹೋದ.

ಮುಂದಿನ ಸಲ ಇಂಜಿನ್ನು ಓಟ ಹಿಡಿಯಿತು. ಎರಡನೆಯ ಕಲ್ಲನ್ನು ಗೋಡೆಯಿಂದ ಬಿಡಿಸಿ ನೆಲೆಗೆ ನಿಲ್ಲಿಸಿದ್ದೆವು. ಒಂದಕ್ಕೆ ಜೋಳ, ಒಂದಕ್ಕೆ ಮೆಣಸಿನಕಾಯಿ. ಎರಡೂ ತಿರುಗಿದವು. ದಾವಲಬಿ ಬೀಳುತ್ತಿದ್ದ ಹಿಟ್ಟಿನಲ್ಲಿ ಕೈ ಇಟ್ಟು, ಬಿಸಿ ನೋಡಿ, ಸುಮ್ಮನೆ ತಲೆಯಾಡಿಸಿದಳು. ಹೋಗುವ ಮುನ್ನ ಪರಸಪ್ಪ ಓಟದ ವೇಗ ಹೆಚ್ಚುಕಡಿಮೆ ಮಾಡುವ ಚಾಲಿಯ ಸ್ಕ್ರೂ ತೋರಿಸಿ ಎಚ್ಚರಿಸಿದ: “ಮೊದಲಿಗಿಂತ ನಿಧಾನ ಇಟ್ಟೇನಿ. ಹಾದಿ ಉದ್ದ ಆಗೇತಿ, ಅಷ್ಟ ಜೋರ ಓಡಿಸಿದ್ರ ಪಾಯಾ ಕಿತ್ತು ಬರತೈತಿ. ಇಂಜಿನ್ನಿನ ಪಟ್ಟಾದ ಗಾಲಿ ದೊಡ್ಡದು ಹಾಕೇನಿ, ಕಲ್ಲು ಮೊದಲಿನಂಗ ತಿರಗತಾವ. ಸ್ಕ್ರೂ ಮುಟ್ಟಬ್ಯಾಡ್ರಿ.” ಕೊನೆಯ ಮಾತನ್ನು ನನ್ನನ್ನು ನೋಡಿ ಹೇಳಿದ.

ಎಲ್ಲವೂ ಸರಿಯಾಗಿತ್ತು. ಹೆಂಗಸರು ಮಾತ್ರ ಬರಲಿಲ್ಲ.

ಎರಡು ದಿನ ಖಾಲಿ ಅಂಗಳ ಕಾದೆವು. ಮರುದಿನ ಲಕ್ಕವ್ವ ಬುಟ್ಟಿ ಹೊತ್ತು ಸಿಂದಗಿ ರಸ್ತೆಯ ಕಡೆ ಹೊರಟಿದ್ದಳು. ನಾನು ಅಡ್ಡ ಹೋದೆ.

“ಯಾಕ ಆಯಿ, ನಮ್ಮ ಗಿರಣಿ ಕಾಣಲಿಲ್ಲೇನು?”

“ಕೇಳ್ತಲ್ಲೊ ತಮ್ಮಾ. ಮೊದಲ ಕುಕ್ ಕುಕ್ ಅಂತ ಹುಡುಗರಂಗ ಓಡ್ತಿತ್ತು. ಈಗ ಕುಕ್ ಅಂದು, ಕುಂತು, ಮತ್ತ ಕುಕ್ ಅಂತೈತಿ. ಅದಕ್ಕ ದಮ್ಮು ಹತ್ತೇತಿ. ನಡುವ ನಿಂತ್ರ ಅರ್ಧ ಹಿಟ್ಟು ಅರ್ಧ ಕಾಳು ಹೊತಗೊಂಡ ಹೋಗ್ಲೇನು?”

ನಗಲು ನನಗೆ ಮುಖವಿರಲಿಲ್ಲ. ಸದ್ದೇ ಬಲ ಎಂದು ಮಾಳಿಗೆ ಹತ್ತಿದವನು ನಾನೇ. ಇಡೀ ಊರು ಈಗ ನನ್ನ ಪಕ್ಷ ಸೇರಿತ್ತು.

ದಾವಲಬಿಗೆ ಬಂದು ಹೇಳಿದೆ. ಜೊತೆಗೆ ಉಪಾಯವನ್ನೂ ಹೇಳಿದೆ: “ಸ್ಕ್ರೂ ಒಂಚೂರ ಬಿಗಿ ಮಾಡೂಣ್ರಿ ಅಕ್ಕಾರ. ಸಪ್ಪಳ ಮೊದಲಿನಂಗ ಆಗತೈತಿ.”

“ಪಾಯಾ ಕಿತ್ತು ಬಂದ್ರ ನಿನ್ನ ಕುಂದ್ರಸ್ಲೇನು ಅದರ ಬುಡಕ?”

ಅವಳ ಕೈ ಖಾಲಿಯಾಗಿತ್ತು, ಬಿಲ್ವಾರ ಹೋಗಿತ್ತು. ಇನ್ನೊಂದು ವಾರ ಹೀಗೆಯೇ ಹೋದರೆ ಬಂಧುಗಳು ಹೇಳಿದ್ದೇ ನಿಜವಾಗುತ್ತಿತ್ತು. ಅವಳು ಹೊಗೆಕೊಳವೆಯ ಕಡೆ ಕೈ ತೋರಿಸಿದಳು.

“ಮಾಳಿಗಿ ಹತ್ತು. ತಂಬಿಗಿ ಬಿಚ್ಚಿ ತಾ.”

“ಅಬ್ದುಲಗನಿ ದಾದಾರು ಕಟ್ಟಿದ್ದರಿ ಅದು.”

“ಅದಕ್ಕ ಮೆತ್ತಗ ಬಿಚ್ಚು.”

ತಂದ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಗೋಡೆಯ ಗೂಡಿನಲ್ಲಿ ಇಟ್ಟಳು. “ಕೇಳಿ ಹೋಗೋರು ಹೋಗ್ಲಿ. ನೋಡಾಕ ಬರೋರು ಬರ್ಲಿ,” ಎಂದಳು. ಬೇಕೆಂದೇ ಹೂಡಿದ ಆಟವೋ, ಬೇಸತ್ತು ಮಾಡಿದ ಕೆಲಸವೋ, ನಾನು ಇಂದಿಗೂ ಹೇಳಲಾರೆ.

ಮರುದಿನ ಮುಂಜಾನೆ ಮನೆಯದೇ ಜೋಳ, ಮೆಣಸಿನಕಾಯಿ ಹಾಕಿ ಸುರು ಮಾಡಿದ ಇಂಜಿನ್ನಿನ ಸದ್ದು ನಮ್ಮ ಓಣಿ ದಾಟಲಿಲ್ಲ. ಇಂಜಿನ್ನು ಓಡುತ್ತಿದ್ದೂ ಕುಕ್ ಕುಕ್ ಕೇಳದೆ ಮೋರಟಗಿಯಲ್ಲಿ ಬಿಸಿಲೇರಿದ್ದು ಅದೇ ಮೊದಲು. ಮಧ್ಯಾಹ್ನದ ಹೊತ್ತಿಗೆ ಲಕ್ಕವ್ವ ಮುಂದಾಗಿ, ಹಿಂದೆ ಒಂದು ಹಿಂಡು ಹೆಂಗಸರು, ಎಲ್ಲರ ತಲೆಯ ಮೇಲೂ ಸೆರಗು, ಸತ್ತವರ ಮನೆಗೆ ಮಾತಾಡಿಸಲು ಹೋಗುವವರ ಮುಖ ಮಾಡಿಕೊಂಡು ಬಂದರು. ಒಬ್ಬರ ಕೈಯಲ್ಲೂ ಬುಟ್ಟಿಯಿಲ್ಲ.

“ಹೋತೇನ ದಾವಲಬಿ?” ಎನ್ನುತ್ತಲೇ ಲಕ್ಕವ್ವ ಒಳಗೆ ಬಂದು, ರೂಢಿಯಂತೆ ಗೋಡೆಯ ಬದಿಗೆ ಕೂಡಲು ಬಗ್ಗಿದಳು. ಅಲ್ಲಿ ಕಲ್ಲಿರಲಿಲ್ಲ. ನಾನು ಹಿಡಿಯದಿದ್ದರೆ ನೆಲಕ್ಕೇ ಕೂಡುತ್ತಿದ್ದಳು. ಅವಳ ಆಸನ ಎದುರಿಗೆ ಪಟ್ಟಾ ಹಾಕಿಕೊಂಡು ಗಿರಗಿರ ತಿರುಗುತ್ತ ಮೆಣಸಿನಕಾಯಿ ನುಣ್ಣಗೆ ಮಾಡುತ್ತಿತ್ತು. ಪಕ್ಕದಲ್ಲಿ ಜೋಳದ ಕಲ್ಲು. ಇಂಜಿನ್ನು ಅವಸರವಿಲ್ಲದೆ, ಊಟವಾದ ಮೇಲೆ ನಡೆಯುವವರ ಹಾಗೆ, ಎರಡನ್ನೂ ಎಳೆಯುತ್ತಿತ್ತು.

ದಾವಲಬಿ ಒಂದು ಬೊಗಸೆ ಹಿಟ್ಟು ತಂದು ಅವಳ ಮುಂದೆ ಹಿಡಿದಳು. ಲಕ್ಕವ್ವ ಬೆರಳಲ್ಲಿ ತಿಕ್ಕಿದಳು, ನಾಲಿಗೆಗೆ ಇಟ್ಟಳು. ಖಾರದ ಸುಳಿವಿಲ್ಲ. ಇನ್ನೊಂದು ಕಲ್ಲಿನ ಖಾರಕ್ಕೆ ಎರಡು ಸಲ ಸೀನಿದಳು. ಹಿಂದೆ ನಿಂತವರಲ್ಲಿ ಇಬ್ಬರು ಮೂವರು ಆಗಲೇ ಬುಟ್ಟಿ ತರಲು ಮನೆಯ ಕಡೆ ತಿರುಗಿದ್ದರು.

ಲಕ್ಕವ್ವ ಮಾತ್ರ ಸೋಲೊಪ್ಪುವವಳಲ್ಲ. ಗೂಡಿನಲ್ಲಿ ಹೊಳೆಯುತ್ತಿದ್ದ ತಂಬಿಗೆಯನ್ನು ನೋಡಿದಳು. ಇಂಜಿನ್ನನ್ನು ನೋಡಿದಳು. ಆಮೇಲೆ ಎಲ್ಲರೆದುರಿಗೇ ಕೇಳಿದಳು:

“ಅಲ್ಲವ್ವಾ, ನಿನ್ನ ಗಂಡ ಇದ್ದಿದ್ರ ಇದನ್ನ ಹಿಂಗ ಬಿಚ್ಚಿ ಕೆಡವಾಕ ಬಿಡ್ತಿದ್ನೇನು?”

ಹೊರಟವರು ಬಾಗಿಲಲ್ಲೇ ನಿಂತರು. ನಾನು ಪಟ್ಟಾದಲ್ಲಿ ಏನೋ ದೋಷ ಹುಡುಕುವವನಂತೆ ಬಗ್ಗಿದೆ. ದಾವಲಬಿ ಕೈಯಲ್ಲಿದ್ದ ಹಿಟ್ಟನ್ನು ಡಬ್ಬಿಗೆ ಸುರಿದು, ಅಂಗೈ ಕೊಡವಿದಳು.

“ಬಿಡ್ತಿದ್ದಿಲ್ಲ. ಅದಕ್ಕ ಇಷ್ಟು ವರ್ಷ ಈ ಕಲ್ಲಿನ ಮ್ಯಾಲ ನೀ ಕುಂತಿದ್ದಿ.”