ಲ್ಯಾಪ್‌ಟಾಪಿಗೆ ದೃಷ್ಟಿಬೊಟ್ಟು

ನಿಡಸೋಸಿಯ ಕಾಲೇಜಿನಲ್ಲಿ ನನ್ನೊಡನೆ ಪಾಠ ಮಾಡುವ ಗೆಳತಿಗೂ ನನಗೂ ಲ್ಯಾಪ್‌ಟಾಪ್ ಬೇಕಿತ್ತು. ಹೊಸ ಪ್ರೊಸೆಸರ್ ಬರುವವರೆಗೆ ಕಾಯೋಣವೆಂದು ನಾನೇ ಹಟ ಹಿಡಿದಿದ್ದೆ. ಹೂಂ ಎಂದವಳು ಮರುವಾರವೇ ಕೊಂಡುಬಿಟ್ಟಳು.

ಹುಕ್ಕೇರಿಯ ಅವಳ ಮನೆಗೆ ನೋಡಲು ಹೋದೆ. ಹಾಳಾದ್ದು, ಮುಚ್ಚಳ ತೆರೆದ ಕೂಡಲೇ ಎಚ್ಚರಾಗುತ್ತಿತ್ತು. ನನ್ನ ಹಳೆಯದು ಏಳುವಷ್ಟರಲ್ಲಿ ಒಲೆಯ ಮೇಲಿನ ಚಹಾ ಉಕ್ಕಿರುತ್ತದೆ. ಹೊಟ್ಟೆ ಉರಿಯಿತು.

“ಛಲೋ ಐತಿ. ಆದ್ರ ಹೊಸಾ ಪ್ರೊಸೆಸರ್ ಬಂತಂದ್ರ ಇದನ್ನ ಯಾರ ಕೇಳ್ತಾರ?” ಎಂದೆ.

ಅವಳು ನಕ್ಕಳು. ಅವಳ ಅವ್ವ ಮಾತ್ರ ನಗಲಿಲ್ಲ. ಒಳಗಿನಿಂದ ಕಾಡಿಗೆ ತಂದು, ಕೂಸಿನ ಗಲ್ಲಕ್ಕೆ ಇಡುವಂತೆ, ಮುಚ್ಚಳದ ಮೂಲೆಗೆ ಬೊಟ್ಟು ಇಟ್ಟರು.

“ಮಂದಿ ಕಣ್ಣ ಭಾಳ ಕೆಟ್ಟ ಇರ್ತಾವವ್ವಾ,” ಎಂದು ನನಗೇ ಹೇಳಿದರು.

ಆ ಮನೆಯಲ್ಲಿ ಆಗ ಮಂದಿ ಎಂದರೆ ನಾನೊಬ್ಬಳೇ.