ದೇವದಾಸರ ಇಪ್ಪತ್ತು ಮಿಲಿಸೆಕೆಂಡು

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ಧ್ವನಿ ವ್ಯವಸ್ಥೆ ನೋಡಿಕೊಳ್ಳುವವರು ಒಬ್ಬರೇ, ದೇವದಾಸ್. ಅವರಿಗೆ ನಿರ್ದೇಶನ ಕೊಡುವವರು ಹದಿನೇಳು ಮಂದಿ. ಕಾರ್ಯಕ್ರಮ ನಡೆಯುವಾಗ ಮೊದಲ ಸಾಲಿನ ಪದಾಧಿಕಾರಿಗಳಲ್ಲಿ ಯಾರಿಗೆ ಬೇಸರವಾಗುತ್ತದೋ ಅವರು ಹಿಂದೆ ತಿರುಗಿ, ಅಂಗೈ ಎತ್ತಿ ಅಥವಾ ಇಳಿಸಿ, ವಾಲ್ಯೂಮ್ ಹೆಚ್ಚು ಕಡಿಮೆ ಮಾಡಿಸುತ್ತಾರೆ. ಪದವಿ ದೊಡ್ಡದಾದಷ್ಟೂ ಕೈ ಎತ್ತರಕ್ಕೆ ಹೋಗುತ್ತದೆ.

ದೇವದಾಸ್ ಉಡುಪಿ ಕಡೆಯವರು, ಭೌತಶಾಸ್ತ್ರದ ಬಿ.ಎಸ್ಸಿ. ರಬಾಳೆಯ ಮೀಟರ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಕೆಲಸ. ಹತ್ತೊಂಬತ್ತು ವರ್ಷಗಳಿಂದ ಸಂಘದ ನಾಟಕಗಳಿಗೆ ಹಿನ್ನೆಲೆ ಸಂಗೀತ ಅವರ ಲ್ಯಾಪ್‌ಟಾಪಿನಿಂದಲೇ ಬರುತ್ತಿದೆ. ಸಂಗೀತದ ಜೊತೆಗೆ, ವಾಲ್ಯೂಮ್ ಬದಲಾಯಿಸಿದಾಗಲೆಲ್ಲ, ಕರಕರ ಸದ್ದೂ ಬರುತ್ತಿತ್ತು.

“ಏನ್ರೀ ದೇವದಾಸ್, ನಿಮ್ಮ ಪೆಟ್ಟಿಗಿ ಮತ್ತ ಕಡ್ಲಿ ಹುರ್ಯಾಕ ಹತ್ತೈತಲ್ಲ!” ಎಂದರು ಅಧ್ಯಕ್ಷ ಗುರುಪಾದಪ್ಪ. “ವಾಯರ್ ಬದಲಿ ಮಾಡ್ರಿ.”

“ವಾಯರಿನದ್ದಲ್ಲ ಸರ್. ಇಯರ್‌ಫೋನಿನಲ್ಲಿ ಕೇಳಿದರೂ ಉಂಟು.”

ಸಮಿತಿ ಈ ವೈಜ್ಞಾನಿಕ ಅಭಿಪ್ರಾಯವನ್ನು ಗೌರವದಿಂದ ಆಲಿಸಿ, ಹೊಸ ವಾಯರ್ ತಂದಿತು. ಕರಕರ ಹೊಸ ವಾಯರಿನಲ್ಲಿ ಇನ್ನೂ ಸ್ಪಷ್ಟವಾಗಿ ಕೇಳಿತು. ಆಗ ಒಂದು ಠರಾವಾಯಿತು: ವಾರ್ಷಿಕೋತ್ಸವದ ನಾಟಕದಲ್ಲಿ ಮತ್ತೆ ತೊಂದರೆಯಾದರೆ ಧ್ವನಿ ವ್ಯವಸ್ಥೆಯ ಮೇಜಿಗೆ ನವಿ ಮುಂಬಯಿಯ ವಾಶಿಯಿಂದ ಬೇರೆಯವರನ್ನು ಕರೆಸುವುದು.

ದೇವದಾಸರಿಗೆ ಸಂಘದಲ್ಲಿ ಬೇರೆ ಜಾಗವಿರಲಿಲ್ಲ. ಭಾಷಣ ಬಾರದು, ಹಾಡು ಬಾರದು. ಆ ಮೇಜೇ ಅವರ ಸಂಘ.

ಕಾರ್ಖಾನೆಯಲ್ಲಿ ಮಾಡುವಂತೆ, ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತ ಹೋದರು. ಸ್ಪೀಕರ್, ಲ್ಯಾಪ್‌ಟಾಪ್, ಹಾಡು. ಏನು ಬದಲಿಸಿದರೂ ಸದ್ದು ಹೋಗಲಿಲ್ಲ. ಬದಲಾಗದೆ ಉಳಿದದ್ದು ಹಾಡು ನುಡಿಸುವ ಸಾಫ್ಟ್‌ವೇರ್ ಒಂದೇ. ಒಂದೇ ಸಮನಾದ ಸ್ವರ ನುಡಿಸಿ, ವಾಲ್ಯೂಮ್ ಇಳಿಸಿ, ಅದನ್ನು ಧ್ವನಿಮುದ್ರಿಸಿ, ಅಲೆಯ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದರು. ನುಣುಪಾದ ಅಲೆ ಒಂದು ಕಡೆ ಮೆಟ್ಟಿಲು ತಪ್ಪಿದಂತೆ ದಿಢೀರನೆ ಕೆಳಗೆ ಬಿದ್ದಿತ್ತು. ಆ ಬಿದ್ದ ಸದ್ದೇ ಕರಕರ.

ಮಗಳು ಮಾನಸಿ ಇಣುಕಿದಳು. “ಪಪ್ಪಾ, ಯೇ ತೋ ಕೋಡ್ ಕಾ ಲೋಚಾ ಹೈ. ಓಪನ್ ಸೋರ್ಸ್ ಹೈ ನಾ? ಠೀಕ್ ಕರೂಯಾ.” ತಪ್ಪು ಕೋಡಿನದು, ಆ ಸಾಫ್ಟ್‌ವೇರಿನ ಕೋಡನ್ನು ಯಾರು ಬೇಕಾದರೂ ತಿದ್ದಬಹುದು, ನಾವೇ ತಿದ್ದೋಣ ಎಂಬುದು ಅವಳ ಮುಂಬಯಿ ಹಿಂದಿಯ ಅರ್ಥ.

ಅಪ್ಪ ಅಳೆದರು, ಮಗಳು ಬರೆದಳು. ಇನ್ನು ಮುಂದೆ ವಾಲ್ಯೂಮ್ ಜಿಗಿಯುವುದಿಲ್ಲ. ಇಪ್ಪತ್ತು ಮಿಲಿಸೆಕೆಂಡುಗಳಲ್ಲಿ, ಎಂಟುನೂರ ಎಂಬತ್ತೆರಡು ಸಣ್ಣ ಹೆಜ್ಜೆಗಳಲ್ಲಿ ಇಳಿಯುತ್ತದೆ. ಕಿವಿಗೆ ಹೆಜ್ಜೆಗಳು ತಿಳಿಯುವುದಿಲ್ಲ. ತಿದ್ದಿದ್ದು ಒಟ್ಟು ಹನ್ನೊಂದು ಸಾಲು.

ನಾಟಕದ ದಿನ ಕರಕರ ಒಮ್ಮೆಯೂ ಬರಲಿಲ್ಲ. ಮರುದಿನದ ಸಭೆಯಲ್ಲಿ ಗುರುಪಾದಪ್ಪ ಕೆಂಡವಾಗಿದ್ದರು.

“ನಾ ಆರು ಸಲ ಕೈ ಮಾಡೀನಿ. ಒಮ್ಮೆರೆ ಕಡಿಮಿ ಮಾಡಿದ್ರೇನು?”

“ಆರು ಸಲವೂ ಮಾಡಿದೆ ಸರ್.”

“ಮತ್ತ ಕರಕರ ಯಾಕ ಬರಲಿಲ್ಲ?”

ಇಷ್ಟು ವರ್ಷ ಪದಾಧಿಕಾರಿಗಳು ಕರಕರವನ್ನು ಬೈಯುತ್ತಲೇ, ತಮ್ಮ ಅಪ್ಪಣೆ ತಲುಪಿದ್ದಕ್ಕೆ ಅದನ್ನೇ ರಸೀದಿ ಎಂದು ಸ್ವೀಕರಿಸುತ್ತಿದ್ದರು. ರಸೀದಿ ಬಾರದ್ದರಿಂದ ಈಗ ಹದಿನೇಳು ಮಂದಿಗೂ ಅವಮಾನವಾಗಿತ್ತು. ವಾಶಿಯ ಹೆಸರು ಮತ್ತೆ ಕೇಳಿಬಂತು.

ನಾಟಕದ ನಾಯಕಿ ಲೋಲಾಕ್ಷಿ ಎದ್ದು ನಿಂತರು. “ಗುರುಪಾದಪ್ಪಣ್ಣ, ಮೂರನೇ ದೃಶ್ಯದಲ್ಲಿ ನಾನು ಪಿಸುಗುಟ್ಟಿದ್ದು ನಿಮಗೆ ಕೇಳಿತಾ?”

“ಕೇಳ್ತಲ್ಲವ್ವಾ. ಕಣ್ಣಾಗ ನೀರು ಬಂತು.”

“ಆಗ ಸಂಗೀತ ಯಾವಾಗ ಇಳಿಯಿತು?”

ಅಧ್ಯಕ್ಷರು ಯೋಚಿಸಿದರು. “ಗೊತ್ತಾಗಲಿಲ್ಲ.”

“ಮತ್ತೆಂಥದು? ವಾಶಿಯಿಂದ ಜನ ತರಿಸುವುದಾದರೆ ನಾಯಕಿಯನ್ನೂ ಅಲ್ಲಿಂದಲೇ ತರಿಸಿ ಮಾರಾಯ್ರೆ.”

ಸಭೆ ದೀರ್ಘವಾಗಿ ಚರ್ಚಿಸಿ ದೇವದಾಸರನ್ನೇ ಮುಂದುವರಿಸಿತು. ಒಂದು ಷರತ್ತು: ಪದಾಧಿಕಾರಿ ಕೈ ಮಾಡಿದಾಗ, ಅಪ್ಪಣೆ ತಲುಪಿತು ಎನ್ನಲು ದೇವದಾಸ್ ಅವರಿಗೆ ಕಾಣುವ ಹಾಗೆ ತಲೆಯಾಡಿಸಬೇಕು.

ದೇವದಾಸ್ ಆ ಕ್ಷಣವೇ, ಹದಿನೇಳು ಮಂದಿಗೂ ಕಾಣುವ ಹಾಗೆ, ತಲೆಯಾಡಿಸಿದರು.