ಮಲ್ಲಪ್ಪ ಕಾಕಾ ಮಾಡಿದ ಹಬ್ಬದ ಸಾಬೂನು

ಈ ಸಲ ದೀಪಾವಳಿಯ ಮುಂದೆ ನಮ್ಮ ಓಣಿಯಲ್ಲಿ ಒಂದು ಜಗಳ ಆಯಿತು. ಸತ್ತವರ ಮನೆಯಲ್ಲಿ. ಹೆಣ ಇನ್ನೂ ಮನೆಯೊಳಗೆ ಇರುವಾಗಲೇ. ಯಾತರ ಮೇಲೆ ಅಂತೀರಿ? ಒಂದು ಸಾಬೂನಿನ ಮೇಲೆ.

ಹೊಲದ ಮೇಲೆ, ಬಂಗಾರದ ಮೇಲೆ ಇಂಥ ಹೊತ್ತಿನಲ್ಲಿ ಜಗಳ ಆದದ್ದನ್ನು ನಾನೂ ನೋಡಿದ್ದೇನೆ, ನೀವೂ ನೋಡಿರುತ್ತೀರಿ. ಸಾಬೂನಿನ ಮೇಲೆ ಆದದ್ದನ್ನು ನೋಡಿದ್ದು ಇದೇ ಮೊದಲು. ನಗಬೇಡಿ. ಪೂರ್ತಿ ಕೇಳಿ.

ಗೋಕಾಕದಲ್ಲಿ ನಮ್ಮ ಬಾಜೂ ಮನೆಯವರು ಮಲ್ಲಪ್ಪ ಕಾಕಾ, ಕಾಶವ್ವ ಕಾಕು. (ರಕ್ತಸಂಬಂಧ ಏನೂ ಇಲ್ಲ. ಒಂದೇ ಗೋಡೆಯ ಎರಡು ಕಡೆ ಇದ್ದೇವೆ, ಅಷ್ಟೇ.) ಕಾಕಾ ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದವರು. ಕಣ್ಣು ಮಂದವಾದ ಮೇಲೆ ಕೆಲಸ ಬಿಟ್ಟರು. ಮಕ್ಕಳಿಲ್ಲ.

ಕಾಕು ಮಳೆಗಾಲದಿಂದ ಹಾಸಿಗೆ ಹಿಡಿದಿದ್ದರು. ಕಾಲು ಬಾತಿತ್ತು, ಮುಖ ಬಾತಿತ್ತು. ಚರ್ಮ ಎಷ್ಟು ತೆಳುವಾಗಿತ್ತೆಂದರೆ ಬಳೆ ತಾಕಿದರೂ ಬಿರಿಯುತ್ತಿತ್ತು. ಘಟಪ್ರಭೆಯ ದವಾಖಾನೆಗೆ ಒಯ್ದು ತೋರಿಸಿದರು. ಡಾಕ್ಟರು ಕಾಕಾನನ್ನು ಹೊರಗೆ ಕರೆದು, "ಅವರಿಗೇನು ಬೇಕನಸ್ತೈತಿ ಅದನ್ನ ಕೊಡ್ರಿ" ಅಂದರಂತೆ. ಡಾಕ್ಟರು ಹಾಗೆ ಅಂದರೆ ಏನು ಅರ್ಥ ಅಂತ ಯಾರಿಗೆ ತಿಳಿಯುವುದಿಲ್ಲ?

ಕಾಕುಗೆ ಬೇಕನಿಸಿದ್ದು ಸಾಬೂನು.

ಹೋದ ವರ್ಷ ಮೂಡಲಗಿಯಲ್ಲಿ, ಕಾಕಾನ ಅಕ್ಕ ಗೌರವ್ವನ ಮನೆಯಲ್ಲಿ ಅದನ್ನು ನೋಡಿದ್ದರು. ಯಾರೋ ಮುಂಬಯಿಯಿಂದ ತಂದದ್ದು. ಬಿಳಿಯ ಸಾಬೂನು, ಅದರೊಳಗೆ ನೀಲಿ, ಕೆಂಪು ಬಣ್ಣ ಹೊಳೆಯ ಸುಳಿಯ ಹಾಗೆ ತಿರುಗಿ ತಿರುಗಿ ಹೋಗಿತ್ತಂತೆ. "ನೀವು ರಿಜಿಸ್ಟರ್ ಪುಸ್ತಕಕ್ಕ ಸುಳಿ ಸುಳಿ ಬಣ್ಣದ ಕಾಗದ ಹಚ್ಚತಿದ್ರಲ್ರೀ, ಥೇಟ್ ಹಂಗ ಇತ್ತು. ಈ ದೀಪಾವಳಿಗೆ ಅಂಥಾದ್ದು ಹಚ್ಚಿ ಎರಕೋಬೇಕಂತ ಆಸೆ ಆಗೇತಿ ನೋಡ್ರಿ" ಅಂದರು ಗಂಡನಿಗೆ.

ಕಾಕಾ ಗೋಕಾಕದ ಅಂಗಡಿಗಳನ್ನೆಲ್ಲ ಕೇಳಿದರು. ಬೆಳಗಾವಿಗೂ ಹೋಗಿಬಂದರು. ಎಲ್ಲಿಯೂ ಸಿಗಲಿಲ್ಲ.

ಆಗ ಗೊತ್ತಾದದ್ದು, ಹುಕ್ಕೇರಿಯಲ್ಲಿ ಹೆಣ್ಣುಮಕ್ಕಳಿಗೆ ಸಾಬೂನು ಮಾಡುವ ಕ್ಲಾಸು ನಡೆದಿದೆ ಅಂತ. (ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದಮೇಲೆ ನಮ್ಮ ಕಡೆ ಬಂದ ಹೊಸ ಹೊಸ ಸಂಗತಿಗಳಲ್ಲಿ ಇಂಥ ಕ್ಲಾಸುಗಳೂ ಸೇರಿವೆ.) ಧೋತರ, ಕರಿ ಟೊಪಿಗೆಯ ಕಾಕಾ ಹೋಗಿ ಆ ಹುಡುಗಿಯರ ನಡುವೆ ಕುಳಿತರು. ಅವರು ಸೆರಗು ಬಾಯಿಗೆ ಹಿಡಿದು ನಕ್ಕರಂತೆ. ಕಾಕಾ ಕಲಿತೇ ಬಂದರು.

ಮೊದಲ ಸಲ ಕೆಟ್ಟಿತು. ಎಣ್ಣೆ ಒಂದು ಕಡೆ, ನೀರು ಒಂದು ಕಡೆ. ಮುಂಗೈ ಮೇಲೆ ಕಾಸ್ಟಿಕ್ ಸೋಡಾ ಸಿಡಿದು ಬೊಬ್ಬೆ ಎದ್ದಿತು. ಎರಡನೆಯ ಸಲ ನಾನೂ ಹೋಗಿ ನಿಂತೆ. ಕೊಬ್ಬರಿ ಎಣ್ಣೆಗೆ ಸೋಡಾದ ನೀರು ಸುರಿದು ಕಾಕಾ ತಿರುವಿದರು, ತಿರುವಿದರು, ಅಂಬಲಿಯಷ್ಟು ಗಟ್ಟಿಯಾಗುವ ತನಕ ತಿರುವಿದರು. ಅದನ್ನು ಮೂರು ಪಾಲು ಮಾಡಿ, ಒಂದನ್ನು ಹಾಗೇ ಬಿಟ್ಟರು. ಇನ್ನೊಂದಕ್ಕೆ ಬಟ್ಟೆಗೆ ಹಾಕುವ ನೀಲಿ. ಮೂರನೆಯದಕ್ಕೆ ಅರಿಷಿಣ. ಅರಿಷಿಣ ಬಿದ್ದದ್ದೇ ತಡ, ಆರತಿಯ ನೀರಿನ ಹಾಗೆ ಕೆಂಪಾಯಿತು. ಹಾಸಿಗೆಯಲ್ಲಿ ದಿಂಬಿಗೆ ಒರಗಿದ್ದ ಕಾಕು, "ಅಯ್ಯ, ಕೆಂಪಾತಲ್ರೀ!" ಅಂದರು. ಎಷ್ಟೋ ದಿನದ ಮೇಲೆ ಆ ದನಿಯಲ್ಲಿ ಜೀವ ಇತ್ತು.

ಕಟ್ಟಿಗೆಯ ಡಬ್ಬಿಯಲ್ಲಿ ಮೂರನ್ನೂ ಒಂದರ ಮೇಲೊಂದು ಸುರಿದು, ಹಳೆಯ ಕೊಡೆಯ ಕಡ್ಡಿಯಿಂದ ಕಾಕಾ ಒಳಗೆ ಸುತ್ತು ಎಳೆದರು. ಮರುದಿನ ದಾರದಿಂದ ಕೊಯ್ದಾಗ, ಏನು ಹೇಳಲಿ! ಒಂದರ ಸುಳಿ ಇನ್ನೊಂದಕ್ಕಿಲ್ಲ. ಕಾಕು ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿ, ಓಣಿಯ ಯಾವ ಮನೆಗೆ ಯಾವುದು ಅಂತ ಹೇಳಿದರು. ತಮಗೊಂದು ಆರಿಸಿಕೊಂಡರು.

ಆದರೆ ಹೊಸ ಸಾಬೂನನ್ನು ಹಚ್ಚಿಕೊಳ್ಳುವ ಹಾಗಿಲ್ಲ. ಒಳಗಿನ ಸೋಡಾದ ಉರಿ ಇಳಿಯಲಿಕ್ಕೆ ತಿಂಗಳ ಮೇಲೆ ಬೇಕು. ಕಾಕಾ ಹಬ್ಬಕ್ಕೆ ಸರಿಯಾಗಿ ಬರುವಂತೆ ಲೆಕ್ಕ ಹಾಕಿಯೇ ಮಾಡಿದ್ದರು.

ಆಮೇಲೆ ದಿನಾ ಮುಂಜಾನೆ ಗೋಡೆಯ ಆಚೆಯಿಂದ ಅದೇ ಮಾತು.

"ಆತೇನ್ರೀ?"

ಕಾಕಾ ಸಾಬೂನಿಗೆ ನಾಲಿಗೆ ತುದಿ ತಾಕಿಸಿ ನೋಡುತ್ತಿದ್ದರು. "ಇನ್ನೂ ಚುರ್ ಅಂತೈತಿ, ಕಾಶೀ. ತಡಿ."

"ಒಂದೀಟ ಕೈಗೆ ಅಷ್ಟ ಹಚ್ಚಕೋತೀನ್ರಿ."

"ನಿನ್ನ ಚರ್ಮ ನೋಡೀಯೇನ? ಸುಟ್ಟಂಗ ಆಕ್ಕೈತಿ. ಹಬ್ಬ ಬರಲಿ, ನಾನ ಎರೀತೀನಿ."

ಹಬ್ಬಕ್ಕೆ ಇನ್ನೂ ವಾರದ ಮೇಲಿತ್ತು. ಒಂದು ಮುಂಜಾನೆ ಗೋಡೆಯ ಆಚೆಯಿಂದ ಆ ಮಾತು ಬರಲಿಲ್ಲ.

ನಾವು ಹೆಂಗಸರು ಸೇರಿ ನೀರು ಕಾಯಿಸಿದೆವು. ಮೂಡಲಗಿಯಿಂದ ಗೌರವ್ವ ಬಂದಿದ್ದಳು. ಕಾಕುವನ್ನು ಹಲಗೆಯ ಮೇಲೆ ಮಲಗಿಸಿ ಇನ್ನೇನು ಮೊದಲ ತಂಬಿಗೆ ಎತ್ತಬೇಕು, ಕಾಕಾ ಆ ಸಾಬೂನು ಹಿಡಿದು ಬಂದು ನಿಂತರು.

"ಇದನ್ನ ಹಚ್ರಿ ಆಕಿಗೆ."

ಗೌರವ್ವ ಸಿಡಿದಳು. "ಹಬ್ಬದ ಸಾಬಾಣ ಹೆಣಕ್ಕ ಹಚ್ಚತಾರೇನೋ? ಉಳದದ್ದನ್ನ ಯಾರ ಮುಟ್ಟತಾರ ಆಮ್ಯಾಲ? ಬುದ್ಧಿ ಐತೇನ ನಿನಗ?"

"ಆಕಿ ಆರಿಸಿಟ್ಟದ್ದು ಇದು, ಅಕ್ಕಾ."

"ಹೊರಗ ನಡಿ!"

ಕಾಕಾ ಹೋಗಲಿಲ್ಲ. ಯಾರಾದರೂ ಏನಾದರೂ ಹೇಳಲೇಬೇಕೆಂದು ಒಬ್ಬಳು ಮೆಲ್ಲಗೆ ಅಂದಳು, "ಕಾಕಾ, ಅದು ಇನ್ನೂ ಹಸಿ ಐತಲ್ರೀ. ಉರೀತೈತಿ ಅಂತ ನೀವ ಅಂತಿದ್ರಿ."

ಕಾಕಾ ಅವಳ ಮುಖ ನೋಡಿದರು. "ಇನ್ನೇನ ಉರೀತೈತವ್ವಾ ಆಕಿಗೆ?"

ಗೌರವ್ವ ಗೋಡೆಗೆ ಮುಖ ಮಾಡಿ ನಿಂತಳು. ನಾನು ಕೈ ಚಾಚಿ ಸಾಬೂನು ತೆಗೆದುಕೊಂಡೆ. ಮೆತ್ತಗಿತ್ತು. ಬಿಳಿ ನೊರೆ ಬಂತು, ತೆಳ್ಳಗೆ ನೀಲಿ ನೀರು ಬಚ್ಚಲ ಕಡೆ ಹರಿಯಿತು. ಕಾಕು ಆಸೆಪಟ್ಟ ಸಾಬೂನು ಅವರ ಮೈಗೆ ಹತ್ತಿತು. ಸಂಜೆ ಮಣ್ಣು ಮುಗಿಸಿ ಬಂದಮೇಲೂ ನನ್ನ ಅಂಗೈ ಉರಿಯುತ್ತಿತ್ತು. ಸಾಬೂನು ಖರೇನೇ ಹಸಿಯಾಗಿತ್ತು.

ಉಳಿದವನ್ನು ಕಾಕಾ ಹಬ್ಬದ ಮುಂಚಿನ ದಿನ ಓಣಿಯ ಮನೆಮನೆಗೆ ಕೊಟ್ಟರು, ಕಾಕು ಯಾವ ಮನೆಗೆ ಯಾವುದು ಅಂದಿದ್ದರೋ ಅದನ್ನೇ. ಎಲ್ಲರೂ ಇಸಿದುಕೊಂಡರು. ಗೌರವ್ವ ಅಂದದ್ದೇ ನಿಜವಾಯಿತು: ಬಹಳ ಮನೆಗಳಲ್ಲಿ ಅದು ಹಿತ್ತಲ ಗೋಡೆಯ ಮೇಲೇ ಉಳಿಯಿತು, ಯಾರೂ ಹಚ್ಚಿಕೊಳ್ಳಲಿಲ್ಲ. ನಾನು ಹಬ್ಬದ ಮುಂಜಾನೆ ಅದನ್ನೇ ಹಚ್ಚಿ ಎರೆದುಕೊಂಡೆ.

ಕಾಕಾನ ಮನೆಯಲ್ಲಿ ದೀಪವಿರಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದರು. ನನ್ನ ಒದ್ದೆ ಕೂದಲು ನೋಡಿ ಕೇಳಿದರು, "ಉರೀತೇನವ್ವಾ?"

"ಇಲ್ಲ ಕಾಕಾ. ಒಂದೀಟೂ ಉರೀಲಿಲ್ಲ."

"ಹಂಗಾರ ನನ್ನ ಲೆಕ್ಕ ಬರೋಬ್ಬರಿ ಇತ್ತು," ಅಂದರು. ಹೆಣದ ಮುಂದೆ ಅಳದೇ ಇದ್ದ ಮನುಷ್ಯ, ಆಗ ಟೊಪಿಗೆಯಿಂದ ಮುಖ ಮುಚ್ಚಿಕೊಂಡು ಅತ್ತರು.

ನಾನು ಅವರ ಬಾಜೂ ಕಟ್ಟೆಯ ಮೇಲೆ ಕುಳಿತೆ. ತಪ್ಪು ಮಾಡಿ ಅಳುವವರಿಗೆ ಏನು ಹೇಳಬೇಕು ಅಂತ ನಮಗೆಲ್ಲ ಗೊತ್ತು: ಆದದ್ದು ಆತು, ಬಿಡ್ರಿ, ಯಾರು ತಪ್ಪು ಮಾಡಂಗಿಲ್ಲ ಹೇಳ್ರಿ?

ಎಲ್ಲವನ್ನೂ ಸರಿಯಾಗಿ ಮಾಡಿ ಕುಳಿತು ಅಳುವವರಿಗೆ ಏನು ಹೇಳುತ್ತೀರಿ?